ಸೋತವರಿಗೂ ಜಾಗವಿರುವ ಲೋಕ

ಜನವರಿ ಮುಗಿದು ಫೆಬ್ರವರಿ ಹುಟ್ಟುವ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಗಡಿಯಾಚೆ ಕೆನಡಾದ ಒಂಟಾರಿಯೋದಲ್ಲಿ ಹಿಮ ಗಟ್ಟಿಯಾಗಿ ಕೂತಿರುತ್ತದೆ. ಆ ದಿನಗಳಲ್ಲಿ ಅಲ್ಲಿನ ಮೂಲನಿವಾಸಿಗಳ ಉದ್ದಮನೆಗಳಲ್ಲಿ ಒಂದು ಆಟ ನಡೆಯುತ್ತದೆ. ಒಂದು ಮರದ ಬೋಗುಣಿ, ಅದರೊಳಗೆ ಆರು ಪೀಚ್ ಹಣ್ಣಿನ ಬೀಜ. ಬೀಜಗಳ ಒಂದು ಮೈ ಕಪ್ಪು, ಇನ್ನೊಂದು ಮೈ ಹಾಗೇ ತಿಳಿಬಣ್ಣ. ಬೋಗುಣಿಯನ್ನು ಎತ್ತಿ ಕುಕ್ಕಿದರೆ ಬೀಜಗಳು ಹಾರಿ ಮಗುಚಿ ಬೀಳುತ್ತವೆ. ಆರೂ ಒಂದೇ ಬಣ್ಣ ತೋರಿಸಿದರೆ ದೊಡ್ಡ ಎಣಿಕೆ, ಐದು ತೋರಿಸಿದರೆ ಚಿಕ್ಕ ಎಣಿಕೆ. ಗೆದ್ದ ಲೆಕ್ಕಕ್ಕೆ ಕಾಳುಗಳನ್ನು ಎತ್ತಿಡುತ್ತಾರೆ. ಊರಿನ ಕುಲಗಳೆಲ್ಲ ಎರಡು ಪಾಲಾಗಿ ಎದುರುಬದುರು ಕೂತು, ತಮ್ಮವರು ಬೋಗುಣಿ ಹಿಡಿದಾಗ ಕೂಗಿ ಹುರಿದುಂಬಿಸುತ್ತಾರೆ. ಒಂದು ದಿನಕ್ಕೆ ಇತ್ಯರ್ಥವಾಗದಿದ್ದರೆ ಆಟ ಮರುದಿನಕ್ಕೂ ಸಾಗುತ್ತದೆ.

ದೂರದಿಂದ ನೋಡಿದವರಿಗೆ ಇದು ಜೂಜು. ಆದರೆ ನಡುಚಳಿಗಾಲದ ಹಬ್ಬದ ನಾಲ್ಕು ಮುಖ್ಯ ಆಚರಣೆಗಳಲ್ಲಿ ಇದೂ ಒಂದು. ಈ ಆಟವನ್ನು ಮೊಟ್ಟಮೊದಲು ಆಡಿದವರು ಒಬ್ಬ ಅಜ್ಜಿ ಮತ್ತು ಅವಳ ಮೊಮ್ಮಗ, ಅವತ್ತು ಪಣಕ್ಕಿಟ್ಟದ್ದು ಭೂಮಿಯ ಮೇಲೆ ಜೀವ ಉಳಿಯಬೇಕೋ ಬೇಡವೋ ಎಂಬುದನ್ನೇ ಎನ್ನುತ್ತದೆ ಅವರ ಸೃಷ್ಟಿಕಥೆ. ನಾನು ಈ ಕಥೆಯ ಬೆನ್ನು ಹತ್ತಿದ್ದೇ ಆ ಜೂಜಿನ ಸಂಗತಿ ಓದಿದ ಮೇಲೆ. ಲೋಕದ ಹುಟ್ಟನ್ನು ಹೇಳುವಾಗ ಯಾರಾದರೂ ಅದನ್ನು ಇಷ್ಟು ಅಭದ್ರವಾಗಿ ಇಡುತ್ತಾರೆಯೇ ಎಂಬ ಕುತೂಹಲ ಅದು.

ಇಂಗ್ಲಿಷಿನಲ್ಲಿ ಇವರನ್ನು ಇರಾಕ್ವಾಯ್ ಎನ್ನುವ ರೂಢಿ ಇದೆ. ಅವರು ತಮ್ಮನ್ನು ಕರೆದುಕೊಳ್ಳುವುದು ಹೋಡಿನೊಶೋನಿ ಎಂದು, ಅಂದರೆ ಉದ್ದಮನೆಯವರು. ಮರದ ತೊಗಟೆ ಹೊದಿಸಿದ, ನಡುವೆ ಸಾಲಾಗಿ ಒಲೆಗಳಿರುವ, ಹಲವು ಸಂಸಾರಗಳು ಒಟ್ಟಿಗೆ ಬಾಳುವ ಮನೆ ಅದು. ಮೊಹಾಕ್, ಒನೈಡಾ, ಒನಂಡಾಗಾ, ಕಯೂಗಾ, ಸೆನೆಕಾ ಎಂಬ ಐದು ನಾಡುಗಳು ಯುರೋಪಿನವರು ಬರುವ ಮೊದಲೇ ಒಂದು ಒಕ್ಕೂಟ ಕಟ್ಟಿಕೊಂಡಿದ್ದವು. ದಕ್ಷಿಣದಿಂದ ಓಡಿಬಂದ ಟಸ್ಕರೋರಾ ಜನ 18ನೇ ಶತಮಾನದಲ್ಲಿ ಆರನೆಯವರಾಗಿ ಸೇರಿದರು.

ಕಥೆ ಶುರುವಾಗುವುದು ಆಕಾಶದ ಮೇಲಿನ ಇನ್ನೊಂದು ಲೋಕದಲ್ಲಿ. ಅಲ್ಲೂ ಮನೆಗಳಿವೆ, ಗಂಡಹೆಂಡತಿ ಇದ್ದಾರೆ, ಕಾಯಿಲೆ, ಅಸೂಯೆ ಎಲ್ಲ ಇದೆ. ಊರ ನಡುವೆ ಒಂದು ಬೆಳಕಿನ ಮರ. ಆ ಊರಿನ ಹಿರಿಯನಿಗೆ ಒಂದು ಕನಸು ಬಿದ್ದು ಅವನು ಹಾಸಿಗೆ ಹಿಡಿಯುತ್ತಾನೆ. ಕನಸು ಏನೆಂದು ತಾನೇ ಹೇಳುವಂತಿಲ್ಲ, ಬೇರೆಯವರು ಊಹಿಸಿ ಹೇಳಬೇಕು, ಹೇಳಿದಂತೆ ನಡೆಸಲೂ ಬೇಕು. ಒಬ್ಬೊಬ್ಬರಾಗಿ ಬಂದು ಊಹಿಸುತ್ತಾರೆ. ಕೊನೆಗೆ ಯಾರೋ ಸರಿಯಾಗಿ ಹೇಳುತ್ತಾರೆ: ಬೆಳಕಿನ ಮರ ಬುಡಮೇಲಾಗಬೇಕು. ಮರ ಕಿತ್ತಾಗ ನೆಲದಲ್ಲಿ ತೂತು ಬೀಳುತ್ತದೆ. ಬಸುರಿ ಹೆಂಡತಿ ಅಂಚಿನಲ್ಲಿ ನಿಂತು ಬಗ್ಗಿ ನೋಡುತ್ತಾಳೆ. ಗಂಡ ನೂಕಿದ ಎನ್ನುತ್ತವೆ ಕೆಲವು ಹೇಳಿಕೆಗಳು, ಕಾಲು ಜಾರಿತು ಎನ್ನುತ್ತವೆ ಇನ್ನು ಕೆಲವು. ಅಂಚನ್ನು ಹಿಡಿಯಲು ಹೋದ ಅವಳ ಬೆರಳ ಸಂದಿಯಲ್ಲಿ ಅಲ್ಲಿನ ಗಿಡಗಳ ಬೀಜ, ಬೇರು ಸಿಕ್ಕಿಕೊಂಡವಂತೆ.

ಕನಸು ಊಹಿಸುವ ಈ ಭಾಗವನ್ನು ಬರೀ ಕಥೆಯ ಅಲಂಕಾರ ಎಂದುಕೊಂಡು ದಾಟಬಾರದು. 17ನೇ ಶತಮಾನದ ಫ್ರೆಂಚ್ ಪಾದ್ರಿಗಳು ಈ ಜನರ ನಡುವೆ ಕಂಡು ಬೆಚ್ಚಿದ ಪದ್ಧತಿಯೇ ಅದು. ಚಳಿಗಾಲದಲ್ಲಿ ಜನ ಮನೆಮನೆಗೆ ನುಗ್ಗಿ ತಮ್ಮ ಕನಸನ್ನು ಒಗಟಾಗಿ ಹೇಳಿ, ಊಹಿಸಿ ಎನ್ನುತ್ತಿದ್ದರು. ಊಹೆ ಸರಿಯಾದರೆ ಕನಸು ಬೇಡಿದ್ದನ್ನು ಊರು ಒದಗಿಸಬೇಕು. ಮನಸ್ಸಿನ ತಳದಲ್ಲಿ ಅಡಗಿದ ಆಸೆಗೆ ದಾರಿ ಸಿಗದಿದ್ದರೆ ಅದು ಮೈಯನ್ನು ಕೆಡಿಸುತ್ತದೆ ಎಂಬ ನಂಬಿಕೆ. ಪಾದ್ರಿಗಳಿಗೆ ಇದು ಸೈತಾನನ ಆಟವಾಗಿ ಕಂಡಿತು. ನನಗೆ ಕಾಣುವುದು, ಒಬ್ಬನ ಕಾಯಿಲೆಯನ್ನು ಊರೇ ಹೊತ್ತುಕೊಳ್ಳುವ ಒಂದು ಏರ್ಪಾಡು.

ಅವಳು ಬೀಳುತ್ತಿದ್ದಾಳೆ. ಕೆಳಗೆ ನೀರು, ನೀರು ಬಿಟ್ಟರೆ ಬೇರೇನಿಲ್ಲ. ಲೂನ್ ಹಕ್ಕಿಗಳು, ಕಾಡು ಬಾತುಗಳು ಮೇಲಿಂದ ಏನೋ ಬರುತ್ತಿರುವುದನ್ನು ಕಂಡು ರೆಕ್ಕೆಗೆ ರೆಕ್ಕೆ ಹೆಣೆದು ಅವಳನ್ನು ಹಿಡಿಯುತ್ತವೆ. ಹಿಡಿದದ್ದಾಯಿತು, ಇಡುವುದೆಲ್ಲಿ? ಪ್ರಾಣಿಗಳು ಸಭೆ ಸೇರುತ್ತವೆ. ಈಕೆಗೆ ನೆಲ ಬೇಕು, ನೀರಿನಲ್ಲಿ ಬದುಕುವವಳಲ್ಲ. ಆಮೆ ಬೆನ್ನು ಕೊಡಲು ಒಪ್ಪುತ್ತದೆ. ನೀರಿನ ತಳದಿಂದ ಮಣ್ಣು ತರಬೇಕು. ಬೀವರ್ ಮುಳುಗಿತು, ಆಗಲಿಲ್ಲ. ನೀರುನಾಯಿ ಮುಳುಗಿತು, ಆಗಲಿಲ್ಲ. ಕೊನೆಗೆ ಯಾರೂ ಲೆಕ್ಕಕ್ಕಿಡದ ಮಸ್ಕ್‌ರ್ಯಾಟ್, ಕೆಸರಿನಲ್ಲಿ ಬಿಲ ಮಾಡಿಕೊಂಡು ಬದುಕುವ ಒಂದು ನೀರಿಲಿ, ಮುಳುಗುತ್ತದೆ. ಎಷ್ಟೋ ಹೊತ್ತಿನ ಮೇಲೆ ಅದರ ಹೆಣ ತೇಲಿ ಬರುತ್ತದೆ. ಮುಚ್ಚಿದ ಅಂಗೈ ಬಿಡಿಸಿ ನೋಡಿದರೆ ಒಂದು ಚಿಟಿಕೆ ಕೆಸರು. ಅದನ್ನು ಆಮೆಯ ಬೆನ್ನಿಗೆ ಸವರಿ, ಆಕಾಶದ ಹೆಣ್ಣು ಅದರ ಮೇಲೆ ಸುತ್ತು ಹಾಕುತ್ತಾಳೆ. ಸುತ್ತಿದಷ್ಟೂ ನೆಲ ಹಿಗ್ಗುತ್ತದೆ.

ಈ ಸುತ್ತು ಈಗಲೂ ನಡೆಯುತ್ತಿದೆ. ರಾಚೆಸ್ಟರ್ ನಗರದ ಹತ್ತಿರ, ವಿಕ್ಟರ್ ಎಂಬ ಊರಿನ ಬಳಿ ಗನೊಂಡಗನ್ ಎಂಬ ದಿಬ್ಬವಿದೆ. 1687ರಲ್ಲಿ ಫ್ರೆಂಚ್ ಸೇನೆ ದಾಳಿ ಮಾಡಿದ ಸೆನೆಕಾ ಪಟ್ಟಣದ ಜಾಗ ಅದು. ಈಗ ಅಲ್ಲಿ ಹಳೆಯ ಮಾದರಿಯ ಒಂದು ತೊಗಟೆಮನೆ ಕಟ್ಟಿದ್ದಾರೆ. ಬೇಸಿಗೆಯ ಉತ್ಸವಕ್ಕೆ ಹೋದಾಗ ಅಲ್ಲಿ ಹೆಂಗಸರ ಕುಣಿತ ನೋಡಿದೆ. ಕುಣಿತ ಎಂದರೆ ಜಿಗಿತ, ತಿರುಗಣಿ ಎಂದುಕೊಂಡಿದ್ದ ಕಣ್ಣಿಗೆ ಮೊದಲು ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಬೆನ್ನು ನೆಟ್ಟಗೆ, ತಲೆ ಅಲುಗದು. ಪಾದ ಮಾತ್ರ ನೋಡಬೇಕು. ಹಿಮ್ಮಡಿ ಒಂದಿಷ್ಟು ಓರೆಯಾಗಿ ಸರಿಯುತ್ತದೆ, ಆಮೇಲೆ ಮುಂಗಾಲು ಅದೇ ಕಡೆಗೆ ಸರಿಯುತ್ತದೆ, ಮತ್ತೆ ಹಿಮ್ಮಡಿ. ಪಾದ ನೆಲ ಬಿಟ್ಟು ಮೇಲೇಳುವುದೇ ಇಲ್ಲ. ನೆಲವನ್ನು ಸವರುತ್ತಾ, ಗಡಿಯಾರದ ಮುಳ್ಳಿಗೆ ಎದುರಾಗಿ, ಮೊಮ್ಮಗಳಿಂದ ಅಜ್ಜಿಯವರೆಗೆ ಒಂದೇ ಸಾಲು. ನೀರು ತುಂಬಿದ ಸಣ್ಣ ಡೋಲು, ಹಸುವಿನ ಕೊಂಬಿನ ಗಿಲಕಿ, ಒಂದೆರಡು ಗಂಡು ದನಿ. ಆಮೆಯ ಬೆನ್ನ ಮೇಲೆ ಮಣ್ಣು ಹರಡಿದ ಹೆಣ್ಣಿನ ಹೆಜ್ಜೆ ಇದು ಎಂದು ಮೈಕಿನಲ್ಲಿ ಹೇಳಿದರು. ಹೇಳದಿದ್ದರೂ ಆ ಪಾದಗಳ ಕೆಳಗಿನ ಹುಲ್ಲು ಮಲಗಿದ್ದ ರೀತಿ ನೋಡಿದರೆ ತಿಳಿಯುತ್ತಿತ್ತು.

ಆಮೆ ಎಂದ ಕೂಡಲೇ ನಮ್ಮವರಿಗೆ ಕೂರ್ಮಾವತಾರ ನೆನಪಾಗುತ್ತದೆ, ಮಣ್ಣು ಎತ್ತಿದ್ದು ಎಂದರೆ ವರಾಹ. ನೀರಿನಿಂದ ಮಣ್ಣೆತ್ತುವ ಕಥೆ ಉತ್ತರ ಅಮೆರಿಕಾದಲ್ಲಿ, ಸೈಬೀರಿಯಾದಲ್ಲಿ, ನಮ್ಮ ಸಂತಾಲರಲ್ಲಿ, ಹೀಗೆ ದೂರದೂರದವರಲ್ಲೆಲ್ಲ ಇದೆ. ಸಂತಾಲರ ಕಥೆಯಲ್ಲಂತೂ ಎರಡು ಹಕ್ಕಿಗಳಿಗೆ ಕೂರಲು ಜಾಗ ಬೇಕಾಗಿ, ಎರೆಹುಳ ತಂದ ಮಣ್ಣು ಆಮೆಯ ಬೆನ್ನ ಮೇಲೆ ನಿಲ್ಲುತ್ತದೆ. ಹೋಲಿಕೆ ಸಿಕ್ಕಿದ ಖುಷಿಗೆ "ಎಲ್ಲ ಒಂದೇ" ಎಂದು ಕೈತೊಳೆದುಕೊಳ್ಳುವುದು ವಾಟ್ಸಾಪ್ ಸಂದೇಶದವರ ಅಭ್ಯಾಸ. ವರಾಹ ದೇವರು, ಕೂರ್ಮನೂ ದೇವರು. ಹಮ್ಮಿಕೊಂಡ ಕೆಲಸದಲ್ಲಿ ಅವರು ಸೋಲುವುದು ಸಾಧ್ಯವೇ ಇಲ್ಲ. ಮಸ್ಕ್‌ರ್ಯಾಟ್ ಯಾರ ಅವತಾರವೂ ಅಲ್ಲ. ಅದು ಮುಳುಗಿದಾಗ ಮಣ್ಣು ಸಿಗುತ್ತದೆ ಎಂಬ ಖಾತರಿ ಕಥೆಯಲ್ಲಿ ಯಾರಿಗೂ ಇಲ್ಲ, ಸಿಕ್ಕಾಗ ಅದು ಬದುಕಿಯೂ ಇಲ್ಲ.

ಮುಂದಿನ ಭಾಗ ಕತ್ತಲಿನದು. ಆಕಾಶದ ಹೆಣ್ಣಿಗೆ ಮಗಳು ಹುಟ್ಟುತ್ತಾಳೆ. ಮಗಳು ಬೆಳೆದು ದೊಡ್ಡವಳಾದಾಗ ಒಬ್ಬ ಅಪರಿಚಿತ ಬರುತ್ತಾನೆ. ಅವನು ಆಮೆಯ ಕುಲದವನು ಎಂದು ಕೆಲವರು, ಪಡುವಣ ಗಾಳಿ ಎಂದು ಕೆಲವರು. ಮಲಗಿದ್ದವಳ ಮೈಮೇಲೆ ಎರಡು ಬಾಣಗಳನ್ನು ಅಡ್ಡಡ್ಡ ಇಟ್ಟು ಹೋಗುತ್ತಾನೆ, ಒಂದಕ್ಕೆ ಚಕಮಕಿ ಕಲ್ಲಿನ ಮೊನೆ. ಅವಳು ಅವಳಿಗಳಿಗೆ ಬಸುರಾಗುತ್ತಾಳೆ. ಹೊಟ್ಟೆಯೊಳಗೇ ಜಗಳ. ಒಬ್ಬ ಎಲ್ಲರಂತೆ ಹುಟ್ಟುತ್ತಾನೆ. ಇನ್ನೊಬ್ಬನಿಗೆ ತಾಳ್ಮೆ ಇಲ್ಲ, ಬೆಳಕು ಕಂಡ ಕಡೆ ತಾಯಿಯ ಪಕ್ಕೆ ಸೀಳಿಕೊಂಡು ಹೊರಬರುತ್ತಾನೆ. ತಾಯಿ ಸಾಯುತ್ತಾಳೆ. ಮೊದಲನೆಯವನನ್ನು ಸಸಿ ಎನ್ನೋಣ, ಎರಡನೆಯವನು ಚಕಮಕಿ, ಅವರ ಭಾಷೆಯ ಹೆಸರುಗಳ ಅರ್ಥವೂ ಹೆಚ್ಚುಕಡಿಮೆ ಅದೇ.

ತಾಯಿಯನ್ನು ಕೊಂದವರಾರು ಎಂದು ಅಜ್ಜಿ ಕೇಳುತ್ತಾಳೆ. ಚಕಮಕಿ ತಣ್ಣಗೆ ಅಣ್ಣನ ಕಡೆ ಬೆರಳು ತೋರಿಸುತ್ತಾನೆ. ಅಜ್ಜಿ ನಂಬುತ್ತಾಳೆ. ಅಲ್ಲಿಂದ ಮುಂದೆ ಅವಳ ಪ್ರೀತಿಯೆಲ್ಲ ಕೊಂದವನಿಗೆ, ಸಿಟ್ಟೆಲ್ಲ ಕೊಲ್ಲದವನಿಗೆ. ಈ ಅಜ್ಜಿಯನ್ನು ಕುರಿತು ಓದುವಾಗ ನನಗೆ ಕೆಟ್ಟವಳು ಅನ್ನಿಸಿದ್ದೇ ಇಲ್ಲ. ಒಂದು ಲೋಕದಿಂದ ಬಿದ್ದವಳು, ಇನ್ನೊಂದರಲ್ಲಿ ಇದ್ದ ಒಬ್ಬಳೇ ಮಗಳನ್ನು ಕಳೆದುಕೊಂಡವಳು. ಸುಳ್ಳನ್ನು ಹಿಡಿದುಕೊಂಡಾದರೂ ಅವಳು ನಿಲ್ಲಬೇಕಿತ್ತು.

ಮಗಳನ್ನು ಹೂತ ಜಾಗದಲ್ಲಿ ಗಿಡಗಳು ಏಳುತ್ತವೆ. ಮುಸುಕಿನ ಜೋಳ, ಬೀನ್ಸ್, ಕುಂಬಳ. ಈ ಮೂರಕ್ಕೂ ಅಕ್ಕತಂಗಿಯರು ಎಂದೇ ಹೆಸರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತದೆ, ಬೀನ್ಸಿನ ಬೇರು ಮಣ್ಣಿಗೆ ಸಾರಜನಕ ಕೊಡುತ್ತದೆ, ಕುಂಬಳದ ಅಗಲ ಎಲೆ ನೆಲ ಮುಚ್ಚಿ ತೇವ ಕಾಯುತ್ತದೆ, ಕಳೆ ಏಳಗೊಡುವುದಿಲ್ಲ. ಹಲವು ಹೇಳಿಕೆಗಳಲ್ಲಿ ಹೊಗೆಸೊಪ್ಪು ಕೂಡ ಅದೇ ಮೈಯಿಂದ ಬಂದದ್ದು. ಹೊಲ ಅಗೆದು ಬಿತ್ತಿ ಬೆಳೆಯುವುದು ಈ ಸಮಾಜದಲ್ಲಿ ಪೂರಾ ಹೆಂಗಸರ ಕೆಲಸವಾಗಿತ್ತು, ಹೊಲವೂ ಅವರದೇ ಸುಪರ್ದಿನಲ್ಲಿತ್ತು. ಬೆಳೆ ತಾಯಿಯ ದೇಹದಿಂದ ಎದ್ದದ್ದು ಎಂಬ ಕಥೆಯೂ, ಜೋಳದ ಕಣಜದ ಮೇಲೆ ಗಂಡಸಿಗೆ ಅಧಿಕಾರವಿಲ್ಲ ಎಂಬ ಕಟ್ಟಳೆಯೂ ಒಂದನ್ನೊಂದು ಹಿಡಿದು ನಿಂತಿದ್ದವು. ಯುದ್ಧಕ್ಕೆ ಹೊರಟವರಿಗೆ ಬುತ್ತಿ ಕೊಡುವುದಿಲ್ಲ ಎಂದು ಹೆಂಗಸರು ಕೂತರೆ ಯುದ್ಧವೇ ನಿಂತುಹೋಗುವ ಸಾಧ್ಯತೆ ಇತ್ತು.

ಅವಳಿಗಳು ಬೆಳೆದು ಲೋಕವನ್ನು ತಿದ್ದಲು ತೊಡಗುತ್ತಾರೆ. ಸಸಿ ನದಿಗಳನ್ನು ಎರಡೂ ಕಡೆಗೆ ಹರಿಯುವಂತೆ ಮಾಡುತ್ತಾನೆ, ಹೋಗುವಾಗಲೂ ಬರುವಾಗಲೂ ಹುಟ್ಟು ಹಾಕುವ ಕಷ್ಟವಿರಬಾರದೆಂದು. ಚಕಮಕಿ ಬಂದು ಅದನ್ನು ಒಂದೇ ಕಡೆಗೆ ತಿರುಗಿಸಿ, ನಡುನಡುವೆ ಬಂಡೆ ಇಟ್ಟು ಜಲಪಾತ ಮಾಡುತ್ತಾನೆ. ಸಸಿ ಹಣ್ಣಿನ ಪೊದೆ ಮಾಡಿದರೆ ಇವನು ಮುಳ್ಳು ಸೇರಿಸುತ್ತಾನೆ, ಮೀನು ಮಾಡಿದರೆ ಮೂಳೆ ಸೇರಿಸುತ್ತಾನೆ. ನಾವು ಬದುಕುತ್ತಿರುವುದು ಇಬ್ಬರ ಕೈಯೂ ಬಿದ್ದ ಲೋಕದಲ್ಲಿ. ನಯಾಗರಾ ಇರುವ ಸೀಮೆಯವರು ಈ ಕಥೆ ಹೇಳಿದ್ದು ಎಂಬುದನ್ನು ನೆನಪಿಟ್ಟುಕೊಂಡರೆ ಚಕಮಕಿಯ ಕೆಲಸವನ್ನು ಬರೀ ಕಿಡಿಗೇಡಿತನ ಎನ್ನಲು ಬಾಯಿ ಬರುವುದಿಲ್ಲ.

ಕೊನೆಗೆ ಇಬ್ಬರೂ ಕಾದಾಡುತ್ತಾರೆ, ಜಿಂಕೆಯ ಕೊಂಬಿಗೆ ಚಕಮಕಿ ಸೋಲುತ್ತಾನೆ. ಸೋತವನ ಗತಿ ಏನಾಯಿತು ಎಂಬಲ್ಲಿ ಹೇಳಿಕೆಗಳು ಒಂದೊಂದು ದಾರಿ ಹಿಡಿಯುತ್ತವೆ. ಟಸ್ಕರೋರಾ ಕುಲದ ಡೇವಿಡ್ ಕ್ಯುಸಿಕ್ 1820ರ ದಶಕದ ಕೊನೆಯಲ್ಲಿ ತನ್ನ ಜನರ ಚರಿತ್ರೆಯನ್ನು ತಾನೇ ಇಂಗ್ಲಿಷಿನಲ್ಲಿ ಬರೆದು, ಚಿತ್ರವನ್ನೂ ತಾನೇ ಬಿಡಿಸಿ ಅಚ್ಚು ಹಾಕಿಸಿದ. ಅವನಲ್ಲಿ ಅವಳಿಗಳ ಹೆಸರು ಒಳ್ಳೆಯ ಮನಸ್ಸು, ಕೆಟ್ಟ ಮನಸ್ಸು ಎಂದಾಗಿದೆ. ಸೋತವನು ಪಾತಾಳಕ್ಕಿಳಿದು ದುಷ್ಟಶಕ್ತಿಯಾಗುತ್ತಾನೆ. ಅಷ್ಟು ಹೊತ್ತಿಗೆ ಚರ್ಚಿನ ಗಂಟೆಯ ಸದ್ದು ಆ ಹಳ್ಳಿಗಳಿಗೆ ಚೆನ್ನಾಗಿ ಕೇಳುತ್ತಿತ್ತು, ದೇವರು ಮತ್ತು ಸೈತಾನ ಎಂಬ ಅಚ್ಚಿಗೆ ಅವಳಿಗಳನ್ನು ಹೊಯ್ಯುವುದು ಸುಲಭವೂ ಆಗಿತ್ತು. ಹಾಗಿದ್ದೂ ಕ್ಯುಸಿಕ್‌ನ ಕೆಟ್ಟ ಮನಸ್ಸು ಮುಳುಗುವ ಮುನ್ನ, ಸತ್ತ ಮೇಲೆ ಮನುಷ್ಯರ ಆತ್ಮಗಳ ಮೇಲೆ ತನಗೂ ಸಮನಾದ ಅಧಿಕಾರವಿದೆ ಎಂದು ಹೇಳಿಯೇ ಹೋಗುತ್ತದೆ. ಅಚ್ಚಿನಿಂದ ಹೊರಗುಳಿದ ಒಂದು ತುಣುಕು ಅದು.

ಇನ್ನೊಂದು ಪಾಠ ಹೆಚ್ಚು ಉದ್ದ, ಹೆಚ್ಚು ಸಮೃದ್ಧ. ಒಂಟಾರಿಯೋದ ಗ್ರ್ಯಾಂಡ್ ನದಿಯ ದಡದಲ್ಲಿ ಜಾನ್ ಆರ್ಥರ್ ಗಿಬ್ಸನ್ ಎಂಬ ಸೆನೆಕಾ ಮುಖಂಡ ಇದ್ದ. ಲಕ್ರಾಸ್ ಆಡುವಾಗ ಪೆಟ್ಟು ಬಿದ್ದು ಕಣ್ಣು ಹೋಗಿತ್ತು. ಅವನು 1900ರ ಆಸುಪಾಸಿನಲ್ಲಿ ಒನಂಡಾಗಾ ಭಾಷೆಯಲ್ಲಿ ಈ ಕಥೆಯನ್ನು ಬಾಯಲ್ಲಿ ಹೇಳಿದ, ಸ್ಮಿತ್‌ಸೋನಿಯನ್ ಸಂಸ್ಥೆಯ ಜೆ. ಎನ್. ಬಿ. ಹ್ಯೂಯಿಟ್ ಬರೆದುಕೊಂಡ. ಹ್ಯೂಯಿಟ್ ಕೂಡ ಟಸ್ಕರೋರಾ ಮೂಲದವನೇ. ಅದು ಅಚ್ಚಾದದ್ದು 1928ರಲ್ಲಿ, ಗಿಬ್ಸನ್ ತೀರಿಕೊಂಡು ಹದಿನಾರು ವರ್ಷವಾದ ಮೇಲೆ. ಇವತ್ತು ಉದ್ದಮನೆಯ ಜನ ಹೇಳುವ ಹಲವು ರೂಪಗಳಲ್ಲಿ ಅಣ್ಣನಿಗೆ ಹಗಲು, ತಮ್ಮನಿಗೆ ಇರುಳು ಎಂದು ಪಾಲಾಗುತ್ತದೆ. ಇರುಳೂ ಬೇಕಲ್ಲ. ಬೇಟೆಯ ಮೃಗ ಹೊರಡುವುದು, ಕನಸು ಬೀಳುವುದು ಎಲ್ಲ ಆಗಲೇ.

ಅಜ್ಜಿಯ ಜೊತೆಗಿನ ಜೂಜೂ ಹೀಗೆಯೇ. ಭೂಮಿಯ ಮೇಲೆ ಜೀವ ಬೇಡ, ಎಲ್ಲ ತೆಗೆದುಬಿಡೋಣ ಎಂಬುದು ಅಜ್ಜಿಯ ಪಟ್ಟು. ಬೋಗುಣಿಯ ಆಟದಲ್ಲಿ ತೀರ್ಮಾನವಾಗಲಿ ಎನ್ನುತ್ತಾನೆ ಮೊಮ್ಮಗ ಸಸಿ. ಅವನಿಗೆ ದಾಳ ಇಲ್ಲ. ಚಿಕಡೀ ಎಂಬ ಅಂಗೈಯಗಲದ ಹಕ್ಕಿಗಳನ್ನು ಕರೆದು ನಿಮ್ಮ ತಲೆ ಕೊಡುತ್ತೀರಾ ಎಂದು ಕೇಳುತ್ತಾನೆ. ಅವು ಕೊಡುತ್ತವೆ. ಲೋಕದಲ್ಲಿರುವ ಜೀವಿಗಳೆಲ್ಲ ಉಸಿರು ಬಿಗಿಹಿಡಿದಿರುವಾಗ ಅವನು ಬೋಗುಣಿ ಕುಕ್ಕುತ್ತಾನೆ, ಆರೂ ತಲೆ ಒಂದೇ ಬಣ್ಣ ತೋರಿಸುತ್ತವೆ. ಅಜ್ಜಿ ಸೋಲುತ್ತಾಳೆ. ಸೋತವಳನ್ನು ಅಳಿಸಿ ಹಾಕುವುದಿಲ್ಲ. ಆಕಾಶದಲ್ಲಿ ಚಂದ್ರನಾಗಿರುವುದು ಒಂದು ರೂಪದಲ್ಲಿ ಅಜ್ಜಿಯ ತಲೆ, ಇನ್ನೊಂದರಲ್ಲಿ ಅವಳ ಮಗಳದು. ಸಭೆ ಸಮಾರಂಭಗಳ ಮೊದಲು ಹೇಳುವ ಕೃತಜ್ಞತೆಯ ಮಾತುಗಳಲ್ಲಿ ಇಂದಿಗೂ ಅಜ್ಜಿ ಚಂದ್ರನಿಗೆ ಒಂದು ಸರದಿ ಇದೆ. ಬಿತ್ತನೆಯ ಹೊತ್ತು, ಹೆಣ್ಣಿನ ತಿಂಗಳು, ಮಕ್ಕಳ ಹುಟ್ಟು ಅವಳ ಲೆಕ್ಕದಲ್ಲಿ. ಜೀವವೇ ಬೇಡ ಎಂದು ಹಟ ಹಿಡಿದವಳ ಕೈಗೇ ಹೆರಿಗೆಯ ಉಸ್ತುವಾರಿ!

ಇನ್ನೊಂದು ಪ್ರಸಂಗ. ಎಲ್ಲ ಮುಗಿಸಿ ಲೋಕ ನೋಡಿಕೊಂಡು ಬರಲು ಹೊರಟ ಸೃಷ್ಟಿಕರ್ತನಿಗೆ, ಅಂದರೆ ಸಸಿಗೆ, ಒಬ್ಬ ದೈತ್ಯ ಎದುರಾಗಿ, ಇದೆಲ್ಲ ನಾನು ಮಾಡಿದ್ದು ಎನ್ನುತ್ತಾನೆ. ಸರಿ, ಆ ಬೆಟ್ಟವನ್ನು ಕರೆ ನೋಡೋಣ. ಇಬ್ಬರೂ ಬೆಟ್ಟಕ್ಕೆ ಬೆನ್ನು ಹಾಕಿ ಕೂರುತ್ತಾರೆ. ದೈತ್ಯ ಕರೆದಾಗ ಬೆಟ್ಟ ಸ್ವಲ್ಪ ಸರಿಯುತ್ತದೆ. ಸೃಷ್ಟಿಕರ್ತ ಕರೆದಾಗ ಬೆನ್ನಿಗೇ ಬಂದು ನಿಲ್ಲುತ್ತದೆ. ತಡೆಯಲಾರದೆ ದೈತ್ಯ ತಿರುಗಿದ ರಭಸಕ್ಕೆ ಮುಖ ಬಂಡೆಗೆ ಬಡಿದು ಮೂಗು ಸೊಟ್ಟಗಾಗುತ್ತದೆ. ಸೋತವನಿಗೆ ಕೊಟ್ಟ ಕೆಲಸ ಕಾಯಿಲೆ ವಾಸಿ ಮಾಡುವುದು. ಸೊಟ್ಟ ಮೂಗಿನ ಮರದ ಮುಖವಾಡಗಳು ಬಂದದ್ದು ಈ ದೈತ್ಯನಿಂದ. ಅವನ್ನು ಪ್ರದರ್ಶನಕ್ಕಿಡಬೇಡಿ, ಚಿತ್ರ ಹಾಕಬೇಡಿ ಎಂದು ಹೋಡಿನೊಶೋನಿ ಮುಖಂಡರು ಕೇಳಿಕೊಂಡಿದ್ದಾರೆ. ಆದ್ದರಿಂದ ಅವುಗಳ ವರ್ಣನೆಗೆ ನಾನು ಹೋಗುವುದಿಲ್ಲ.

ಒಕ್ಕೂಟ ಹುಟ್ಟಿದ ಕಥೆಗೂ ಇದೇ ಗುಣ ಇಳಿದು ಬಂದಿದೆ. ಐದು ನಾಡುಗಳು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲದಲ್ಲಿ ಶಾಂತಿದೂತನೊಬ್ಬ ಬರುತ್ತಾನೆ. ಹೆಂಡತಿ ಮಕ್ಕಳನ್ನು ಕಳೆದುಕೊಂಡು ಕಾಡಿನಲ್ಲಿ ಅಲೆಯುತ್ತಿದ್ದ ಹಯವಾಥಾ ಅವನ ಜೊತೆ ಸೇರುತ್ತಾನೆ. ಒಬ್ಬೊಬ್ಬರೂ ಒಪ್ಪುತ್ತಾರೆ, ಒನಂಡಾಗಾದ ಟಡೋಡಾಹೊ ಒಬ್ಬ ಬಿಟ್ಟು. ಅವನ ಮೈ ತಿರುಚಿದೆ, ತಲೆಗೂದಲಲ್ಲಿ ಹಾವುಗಳು ಹರಿದಾಡುತ್ತವೆ. ನಮ್ಮ ಕಡೆಯ ಕಥೆಯಾಗಿದ್ದರೆ ಇಷ್ಟು ಹೊತ್ತಿಗೆ ಸಂಹಾರವಾಗಿ, ಹೂಮಳೆಯೂ ಸುರಿದಿರುತ್ತಿತ್ತು. ಇಲ್ಲಿ ಎಲ್ಲರೂ ಹೋಗಿ ಅವನೆದುರು ಹಾಡುತ್ತಾರೆ, ಕೂದಲಿನಿಂದ ಹಾವುಗಳನ್ನು ಬಾಚಿ ತೆಗೆಯುತ್ತಾರೆ, ಮೈಯನ್ನು ನೇರ ಮಾಡುತ್ತಾರೆ. ಆಮೇಲೆ ಒಕ್ಕೂಟದ ಬೆಂಕಿ ಕಾಯುವ, ಸಭೆ ನಡೆಸುವ ಪಟ್ಟವನ್ನು ಅವನಿಗೇ ಕೊಡುತ್ತಾರೆ. ಸಿರಾಕ್ಯೂಸ್ ನಗರದ ದಕ್ಷಿಣಕ್ಕಿರುವ ಒನಂಡಾಗಾ ನಾಡಿನಲ್ಲಿ ಆ ಪಟ್ಟ ಇವತ್ತಿಗೂ ಇದೆ, ಅದಕ್ಕೇರಿದವನು ಟಡೋಡಾಹೊ ಎಂದೇ ಕರೆಸಿಕೊಳ್ಳುತ್ತಾನೆ. ಐವತ್ತು ಮುಖಂಡ ಪಟ್ಟಗಳಲ್ಲಿ ಅದೂ ಒಂದು, ಒನಂಡಾಗಾದ ಪಾಲಿಗೆ ಬಂದ ಹದಿನಾಲ್ಕರಲ್ಲಿ ಮೊದಲನೆಯದು.

ಚಕಮಕಿ, ಅಜ್ಜಿ, ಸೊಟ್ಟಮೂಗಿನವನು, ಹಾವುಗೂದಲಿನವನು. ಇವರನ್ನೆಲ್ಲ ಒಟ್ಟಿಗೆ ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ಈ ಜನ ವಿರೋಧಿಯನ್ನು ಇಲ್ಲವಾಗಿಸುವುದು ಸಾಧ್ಯ ಎಂದು ನಂಬಿರಲಿಲ್ಲ. ಅವನಿಗೊಂದು ಕೆಲಸ, ಒಂದು ಹೊತ್ತು, ಒಂದು ಜಾಗ ಹುಡುಕುವುದೇ ಅವರ ಕಣ್ಣಿಗೆ ಗೆಲುವು. ಪ್ರತಿ ಚಳಿಗಾಲವೂ ಆ ಜೂಜನ್ನು ಮತ್ತೆ ಆಡುವುದೂ ಇದಕ್ಕೇ ಇರಬೇಕು.

ಇಲ್ಲಿಗೆ ನಿಲ್ಲಿಸಿದರೆ ಬರಹ ಚೆಂದವಾಗಿರುತ್ತದೆ, ಚರಿತ್ರೆ ಮಾತ್ರ ಬೇರೆ ಮಾತು ಹೇಳುತ್ತದೆ. ಈ ಕಥೆಯನ್ನು ಬರಹಕ್ಕಿಳಿಸಿದ ಮೊದಲಿಗರಲ್ಲಿ ಝಾಂ ದ ಬ್ರೆಬಫ್ ಎಂಬ ಜೆಸ್ಯೂಟ್ ಪಾದ್ರಿ ಒಬ್ಬ. ಅವನು ಅದನ್ನು ಕೇಳಿದ್ದು ಒಕ್ಕೂಟದವರಿಂದಲ್ಲ. ಅದೇ ಭಾಷಾಬಳಗಕ್ಕೆ ಸೇರಿದ, ಜಾರ್ಜಿಯನ್ ಕೊಲ್ಲಿಯ ಬಳಿಯ ವೆಂಡಾಟ್ ಜನರಿಂದ, 1636ರ ತನ್ನ ವರದಿಗಾಗಿ. ಅಲ್ಲಿ ತಮ್ಮ ಸಾಯುತ್ತಾನೆ, ಅವನ ರಕ್ತದ ಹನಿ ಬಿದ್ದಲ್ಲೆಲ್ಲ ಚಕಮಕಿ ಕಲ್ಲು ಹುಟ್ಟುತ್ತದೆ. ಅಜ್ಜಿ ಸತ್ತವರ ಆತ್ಮಗಳನ್ನು ನೋಡಿಕೊಳ್ಳುವ ಚಂದ್ರ. ಬ್ರೆಬಫ್ ಕಥೆಯನ್ನು ಬರೆದ ದನಿಯಲ್ಲಿ ಕನಿಕರವೂ ತಾತ್ಸಾರವೂ ಕಲಸಿಕೊಂಡಿವೆ, ಆದರೆ ಕಿವಿ ಚುರುಕಾಗಿತ್ತು. ಆ ದಶಕದಲ್ಲೇ ಸಿಡುಬು ಮತ್ತಿತರ ರೋಗಗಳು ಬಂದು ವೆಂಡಾಟರಲ್ಲಿ ಅರ್ಧದಷ್ಟು ಜನ ಸತ್ತರು. 1649ರ ಮಾರ್ಚ್‌ನಲ್ಲಿ ಹೋಡಿನೊಶೋನಿ ಯೋಧರು ಹಿಮದಲ್ಲೇ ಬಂದು ವೆಂಡಾಟ್ ಹಳ್ಳಿಗಳನ್ನು ಸುಟ್ಟರು. ಬ್ರೆಬಫ್‌ನನ್ನು ಕಂಬಕ್ಕೆ ಕಟ್ಟಿ, ದೀಕ್ಷಾಸ್ನಾನವನ್ನು ಅಣಕಿಸುತ್ತಾ ಕುದಿನೀರು ಸುರಿದು ಕೊಂದರು. ವೆಂಡಾಟ್ ಒಕ್ಕೂಟ ಅಲ್ಲಿಗೆ ಮುಗಿಯಿತು.

ಒಂದೇ ಕಥೆ ಹೇಳಿಕೊಳ್ಳುವ ಎರಡು ಬಣ. ಕಾರಣಗಳು ಹಲವಿದ್ದವು. ಬೀವರ್ ತುಪ್ಪಳದ ವ್ಯಾಪಾರ, ಡಚ್ಚರಿಂದ ಬಂದ ಬಂದೂಕು, ರೋಗದಲ್ಲಿ ಸತ್ತವರ ಜಾಗ ತುಂಬಲು ಸೆರೆಯಾಳುಗಳನ್ನು ತರುವ ಹಳೆಯ ಪದ್ಧತಿ. ಈ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ಸೆರೆ ಸಿಕ್ಕವರಲ್ಲಿ ಕೆಲವರನ್ನು ಚಿತ್ರಹಿಂಸೆ ಕೊಟ್ಟು ಕೊಲ್ಲುತ್ತಿದ್ದರು. ಹಲವರನ್ನು, ಅದರಲ್ಲೂ ಹೆಂಗಸರು ಮಕ್ಕಳನ್ನು, ಮನೆಯೊಳಗೆ ಸೇರಿಸಿಕೊಂಡು ಸತ್ತ ಮಗನ, ಸತ್ತ ತಂಗಿಯ ಹೆಸರನ್ನೇ ಇಟ್ಟು ಅವರ ಜಾಗದಲ್ಲಿ ಕೂರಿಸುತ್ತಿದ್ದರು. ಯಾರು ಬದುಕಬೇಕು, ಯಾರು ಸಾಯಬೇಕು ಎನ್ನುವುದರಲ್ಲಿ ಮನೆಯ ಹಿರಿಯ ಹೆಂಗಸರ ಮಾತು ನಡೆಯುತ್ತಿತ್ತು. ಸೋತವನಿಗೆ ಜಾಗ ಕೊಡುವುದು ಎಂದರೆ ಯಾವಾಗಲೂ ದಯೆ ಎಂದೇನಿಲ್ಲ. ತನ್ನ ಊರು ಸುಟ್ಟವರ ಮನೆಯಲ್ಲಿ ಅವರ ಸತ್ತ ಮಗಳ ಹೆಸರು ಹೊತ್ತು ಬದುಕಿದ ವೆಂಡಾಟ್ ಹುಡುಗಿಗೆ ಅದು ಹೇಗೆ ಕಂಡಿತ್ತು ಎಂಬುದನ್ನು ಯಾವ ಪಾದ್ರಿಯೂ ಕೇಳಿ ಬರೆದಿಡಲಿಲ್ಲ.

ನೂರಮೂವತ್ತು ವರ್ಷಗಳ ನಂತರ ಸುಡುವ ಸರದಿ ಬೇರೆಯವರದು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆಜ್ಞೆಯ ಮೇರೆಗೆ ಜನರಲ್ ಸಲಿವನ್ ಸೇನೆ ನುಗ್ಗಿ ನಲವತ್ತರಷ್ಟು ಹೋಡಿನೊಶೋನಿ ಹಳ್ಳಿಗಳನ್ನು ನೆಲಸಮ ಮಾಡಿತು. ಕಟಾವಿಗೆ ಬಂದ ಜೋಳ ಸುಟ್ಟರು, ಪೀಚ್ ತೋಟ ಕಡಿದರು. ಪೀಚ್ ಮರ ಆ ನೆಲದ್ದಲ್ಲ, ಯುರೋಪಿನವರ ಜೊತೆ ಕಡಲು ದಾಟಿ ಬಂದದ್ದು. ಪರದೇಶಿ ಹಣ್ಣನ್ನು ತೋಟ ಮಾಡಿ ಬೆಳೆಸಿ, ಅದರ ಬೀಜವನ್ನು ತಮ್ಮ ಅತಿ ಪವಿತ್ರ ಆಟದ ಬೋಗುಣಿಗೆ ಹಾಕಿಕೊಂಡಿದ್ದರು ಈ ಜನ. ಆಟ ಆ ಬರಗಾಲವನ್ನೂ ದಾಟಿ ಬಂತು. 1799ರಲ್ಲಿ ಹ್ಯಾಂಡ್ಸಮ್ ಲೇಕ್ ಎಂಬ ಸೆನೆಕಾ ಹಿರಿಯ, ಕುಡಿತದಿಂದ ಸಾಯುವ ಸ್ಥಿತಿಗೆ ಹೋಗಿ ಎದ್ದವನು, ತನಗಾದ ದರ್ಶನಗಳನ್ನು ಸಾರತೊಡಗಿದ. ಹೆಂಡ ಬಿಡಿ ಎಂದ, ಮಾಟ ಬಿಡಿ ಎಂದ, ಗಂಡಸರೂ ನೇಗಿಲು ಹಿಡಿಯಬೇಕೆಂದ. ಹಳೆಯ ಆಚರಣೆಗಳಲ್ಲಿ ಹಲವನ್ನು ಕೈಬಿಡಿಸಿದವನು ಬೋಗುಣಿಯ ಆಟವನ್ನು ಮಾತ್ರ ಉಳಿಸಬೇಕಾದ ನಾಲ್ಕರಲ್ಲಿ ಸೇರಿಸಿದ.

ಹೆಂಗಸರ ಸಂಗತಿಗೆ ಬರುತ್ತೇನೆ, ಯಾಕೆಂದರೆ ಕಥೆ ನಿಂತಿರುವುದೇ ತಾಯಿ, ಮಗಳು, ಅಜ್ಜಿಯ ಮೇಲೆ. ಆಕಾಶದಿಂದ ಬಿದ್ದವಳಿಂದಲೇ ವಂಶ ಹರಿಯುವುದು. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದರಲ್ಲಿ ಹೊಸತಿಲ್ಲ, ಆದರೆ ಇಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿ ಮುಗಿಯುವುದಿಲ್ಲ. ಐವತ್ತು ಮುಖಂಡರನ್ನು ಆರಿಸುವುದು ಕುಲದ ತಾಯಂದಿರು. ಮುಖಂಡ ದಾರಿ ತಪ್ಪಿದರೆ ಮೂರು ಸಲ ಎಚ್ಚರಿಕೆ, ಆಮೇಲೆ ಪಟ್ಟದ ಗುರುತಾದ ಜಿಂಕೆಕೊಂಬನ್ನು ವಾಪಸು ಪಡೆಯುವವರೂ ಅವರೇ. 1848ರ ಬೇಸಿಗೆಯಲ್ಲಿ ಮಹಿಳಾ ಹಕ್ಕಿನ ಹೋರಾಟಗಾರ್ತಿ ಲುಕ್ರೀಷಿಯಾ ಮಾಟ್ ಸೆನೆಕಾ ಜನರ ಕ್ಯಾಟರಾಗಸ್ ಊರಿಗೆ ಹೋಗಿ ಇದನ್ನೆಲ್ಲ ಕಣ್ಣಾರೆ ಕಂಡು, ಅದೇ ಬೇಸಿಗೆ ಸೆನೆಕಾ ಫಾಲ್ಸ್‌ನಲ್ಲಿ ನಡೆದ ಮಹಿಳಾ ಹಕ್ಕು ಸಮ್ಮೇಳನಕ್ಕೆ ಬಂದಳು. ಮತದಾನದ ಹೋರಾಟಗಾರ್ತಿ ಮಟಿಲ್ಡಾ ಜಾಸ್ಲಿನ್ ಗೇಜ್ ಹೋಡಿನೊಶೋನಿ ಹೆಂಗಸರ ಅಧಿಕಾರದ ಬಗ್ಗೆ ಬರೆದಳು. 1893ರಲ್ಲಿ ಮೊಹಾಕರು ಆಕೆಯನ್ನು ತಮ್ಮ ತೋಳದ ಕುಲಕ್ಕೆ ಸೇರಿಸಿಕೊಂಡರು. ಅಮೆರಿಕದ ಸ್ತ್ರೀವಾದ ಹುಟ್ಟಿದ್ದೇ ಇಲ್ಲಿಂದ ಎನ್ನುವವರ ಉತ್ಸಾಹ ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ, ಆದರೂ ಪಕ್ಕದ ಊರಿನಲ್ಲೇ ಬೇರೊಂದು ಲೆಕ್ಕಾಚಾರ ನಡೆಯುತ್ತಿದ್ದುದನ್ನು ಆ ಹೆಂಗಸರು ನೋಡಿದ್ದು ನಿಜ.

ಸರ್ಕಾರಗಳಿಗೆ ಈ ಲೆಕ್ಕಾಚಾರ ಒಗ್ಗಲಿಲ್ಲ. ಕೆನಡಾದ 1876ರ ಇಂಡಿಯನ್ ಕಾಯ್ದೆ ಮೂಲನಿವಾಸಿ ಎಂಬ ಸ್ಥಾನಮಾನವನ್ನು ಗಂಡಿನ ಮೂಲಕ ಎಣಿಸಿತು. ಹೊರಗಿನವನನ್ನು ಮದುವೆಯಾದ ಹೆಣ್ಣು ತನ್ನ ಸ್ಥಾನ ಕಳೆದುಕೊಳ್ಳುತ್ತಿದ್ದಳು. ಹೊರಗಿನವಳನ್ನು ಗಂಡು ಮದುವೆಯಾದರೆ ಅವಳಿಗೇ ಆ ಸ್ಥಾನ ಸಿಗುತ್ತಿತ್ತು. ಕುಲದ ತಾಯಿಯಾಗಬೇಕಾದವಳು ಕಾಗದದ ಪ್ರಕಾರ ಪರಕೀಯಳು. ಈ ಕಲಮು ಹೋದದ್ದು 1985ರಲ್ಲಿ.

ಗ್ರ್ಯಾಂಡ್ ನದಿಯ ಮುಖಂಡರು ಇದನ್ನು ಸುಮ್ಮನೆ ಒಪ್ಪಲಿಲ್ಲ. ಕಯೂಗಾ ಮುಖಂಡ ಡೆಸ್ಕಾಹೆ 1923ರಲ್ಲಿ ತನ್ನ ಜನರದೇ ಪಾಸ್‌ಪೋರ್ಟ್ ಹಿಡಿದು ಜಿನೀವಾಕ್ಕೆ ಹೋಗಿ, ಇಂದಿನ ವಿಶ್ವಸಂಸ್ಥೆಗೆ ಮುಂಚೆ ಇದ್ದ ರಾಷ್ಟ್ರಸಂಘದ ಬಾಗಿಲು ತಟ್ಟಿದ. ಒಳಗೆ ಬಿಡಲಿಲ್ಲ. ಮರುವರ್ಷ ಕೆನಡಾ ಸರ್ಕಾರ ಸಾಂಪ್ರದಾಯಿಕ ಸಭೆಯನ್ನು ಬದಿಗೊತ್ತಿ ಚುನಾಯಿತ ಮಂಡಳಿಯನ್ನು ಹೇರಿತು. ಒಪ್ಪಂದಗಳ ನೆನಪು ಹೊತ್ತ, ಚಿಪ್ಪಿನ ಮಣಿ ಹೆಣೆದ ಪಟ್ಟಿಗಳನ್ನು ಪೊಲೀಸರು ಎತ್ತಿಕೊಂಡು ಹೋದರು. ಮುಖಂಡನನ್ನು ನೇಮಿಸುತ್ತಿದ್ದ ತಾಯಂದಿರಿಗೆ ಆ ಹೊಸ ಚುನಾವಣೆಯಲ್ಲಿ ಮತವೇ ಇರಲಿಲ್ಲ.

ಸರ್ಕಾರದ ಪ್ರಕಾರ ಹಳೆಯ ಸಭೆಯ ಕಥೆ ಅವತ್ತಿಗೆ ಮುಗಿದಿತ್ತು. ಅದು ಮುಗಿಯಲಿಲ್ಲ, ಉದ್ದಮನೆಯಲ್ಲಿ ಸೇರುತ್ತಲೇ ಇತ್ತು. 2006ರಲ್ಲಿ ಗ್ರ್ಯಾಂಡ್ ನದಿಯ ದಡದ ಕ್ಯಾಲಿಡೋನಿಯಾ ಊರಿನ ಅಂಚಿನಲ್ಲಿ ಲೇಔಟ್ ಏಳುತ್ತಿದ್ದ ಜಾಗ ನಮ್ಮದು ಎಂದು ಜನ ಹೋಗಿ ಕೂತಾಗ ಮುಂದೆ ನಿಂತವರು ಹೆಂಗಸರು. ಆಗ ಮಾತುಕತೆಗೆ ಬಂದ ಅಧಿಕಾರಿಗಳು ತಾವೇ ಬದಿಗೊತ್ತಿದ್ದ ಸಭೆಯ ಎದುರು ಕೂರಬೇಕಾಯಿತು. ಗ್ರ್ಯಾಂಡ್ ನದಿಯಲ್ಲಿ ಈಗಲೂ ಎರಡೂ ಇವೆ, ಚುನಾಯಿತ ಮಂಡಳಿ ಮತ್ತು ತಾಯಂದಿರು ನೇಮಿಸಿದ ಮುಖಂಡರ ಸಭೆ. ಜಮೀನಿನ ಪರವಾಗಿ ಮಾತಾಡುವ ಹಕ್ಕು ಯಾರದು ಎಂಬ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.